ರೈಲಿನಲ್ಲಿ ಒಬ್ಬನೇ

ಯೂರೋಪಿನಲ್ಲಿ ಒಬ್ಬನೇ ರೈಲಿನಲ್ಲಿ ಸುತ್ತಿ ಬಂದೆನೆಂದರೆ ನಮ್ಮ ಕಡೆಯವರು ಮೊದಲು ಕೇಳುವುದು, “ಅಯ್ಯೋ, ಜೊತೆಗೆ ಯಾರೂ ಇರಲಿಲ್ಲವೆ?” ಎಂದು. ಆ ಪ್ರಶ್ನೆಯಲ್ಲಿ ಕುತೂಹಲಕ್ಕಿಂತ ಅನುಕಂಪವೇ ಹೆಚ್ಚು. ಕನ್ನಡದಲ್ಲಿ ಒಂಟಿತನ ಬೇರೆ, ಏಕಾಂತ ಬೇರೆ; ಆದರೆ ಪ್ರವಾಸದ ಮಾತು ಬಂದಾಗ ಅವೆರಡನ್ನೂ ಒಂದೇ ಎಂದು ಬಗೆದುಬಿಡುತ್ತೇವೆ. ತಂಡ ಕಟ್ಟಿಕೊಂಡು ಹೋಗುವುದರ ಅನುಕೂಲಗಳನ್ನು ನಾನು ಅಲ್ಲಗಳೆಯುವವನಲ್ಲ. ಊಟಕ್ಕೆ ಅನ್ನ ಸಾರು ದೊರೆಯುತ್ತದೆ, ಪೆಟ್ಟಿಗೆಯ ಚಿಂತೆಯಿಲ್ಲ. ಆದರೆ ತಂಡದ ಬಸ್ಸಿನೊಳಗೆ ನಮ್ಮ ಊರೇ ನಮ್ಮೊಡನೆ ಬಂದು ಕುಳಿತಿರುತ್ತದೆ. ಕಿಟಕಿಯಾಚೆಯ ದೇಶ ಹರಟೆಯ ನಡುವೆ ಸರಿದುಹೋಗುತ್ತದೆ. ರೈಲಿನಲ್ಲಿ ಒಬ್ಬನೇ ಕುಳಿತವನಿಗಾದರೋ ನೋಡುವುದು, ಕೇಳುವುದು, ಇವೆರಡನ್ನು ಬಿಟ್ಟರೆ ಬೇರೆ ಉದ್ಯೋಗವಿಲ್ಲ.

ಒಂದು ದಾರಿಯನ್ನೇ ಹಿಡಿದು ಹೇಳುವುದು ಮೇಲು. ಸ್ವಿಟ್ಸರ್ಲೆಂಡಿನ ಜ್ಯೂರಿಕ್‌ನಿಂದ ದಕ್ಷಿಣದ ಲೊಕಾರ್ನೊ ಪಟ್ಟಣಕ್ಕೆ ಹೋಗಬೇಕಾದರೆ ಆಲ್ಪ್ಸ್ ಪರ್ವತವನ್ನು ದಾಟಬೇಕು. ಈಚೆಗೆ ಜರ್ಮನ್ ಮಾತು, ಆಚೆಗೆ ಇಟಾಲಿಯನ್. ನಡುವೆ ಗೊಟ್‌ಹಾರ್ಡ್ ಗಿರಿಸಾಲು. ಅದರ ಬುಡದಲ್ಲಿ 2016ರಲ್ಲಿ ತೆರೆದ 57 ಕಿಲೋಮೀಟರಿನ ಸುರಂಗವಿದೆ. ವೇಗದ ಗಾಡಿಗಳು ಸುಮಾರು 20 ನಿಮಿಷ ಕತ್ತಲಲ್ಲಿ ಓಡಿ ಆಚೆ ಬದಿಗೆ ಬರುತ್ತವೆ. ಇನ್ನೊಂದು, 1882ರಲ್ಲಿ ತೆರೆದ ಹಳೆಯ ಬೆಟ್ಟದ ದಾರಿ. ಅದರಲ್ಲಿ ನಿಧಾನದ ಗಾಡಿಗಳು ಈಗಲೂ ಹೋಗುತ್ತವೆ, ಲೊಕಾರ್ನೊ ಮುಟ್ಟಲು ಸುಮಾರು ಮೂರು ಗಂಟೆ ಬೇಕು. ಜೊತೆಯಲ್ಲಿ ನಾಲ್ವರಿದ್ದರೆ ಬೇಗ ಮುಟ್ಟಿಸುವ ಗಾಡಿಯೇ ಗೆಲ್ಲುತ್ತದೆ. ನಾನು ಯಾರನ್ನೂ ಕೇಳಬೇಕಾಗಿರಲಿಲ್ಲ. ನಿಧಾನದ ಗಾಡಿಯನ್ನೇ ಹತ್ತಿದೆ.

ಎರ್ಸ್ಟ್‌ಫೆಲ್ಡ್ ಎಂಬಲ್ಲಿ ಏರು ಮೊದಲಾಗುತ್ತದೆ. ಅಲ್ಲಿಂದ ಗೊಷೆನೆನ್‌ಗೆ 30 ಕಿಲೋಮೀಟರಿಗೂ ಕಡಿಮೆ ದೂರ. ಏರಬೇಕಾದ ಎತ್ತರ 600 ಮೀಟರಿಗೂ ಹೆಚ್ಚು. ಉಕ್ಕಿನ ಹಳಿಯ ಮೇಲೆ ಉಕ್ಕಿನ ಗಾಲಿ ಅಷ್ಟು ಕಡಿದಾಗಿ ಹತ್ತಲಾರದು. ಆದ್ದರಿಂದ ದಾರಿಯನ್ನೇ ಉದ್ದಮಾಡಬೇಕಾಯಿತು. ಗಾಡಿ ಬೆಟ್ಟದ ಹೊಟ್ಟೆಯನ್ನು ಹೊಕ್ಕು, ಒಳಗೇ ತಿರುಪಿನಂತೆ ಒಂದು ಸುತ್ತು ಸುತ್ತಿ, ಹೊಕ್ಕ ಜಾಗದ ಮೇಲ್ಗಡೆ ಹೊರಬರುತ್ತದೆ. ಆಮೇಲೆ ಲಾಳದಾಕಾರದ ಎರಡು ತಿರುವುಗಳು. ಒಳಗೆ ಕುಳಿತವರಿಗೆ ಇದು ತಿಳಿಯುವುದೇ ಇಲ್ಲ. ತಿಳಿಸುವುದು ವಾಸೆನ್ ಹಳ್ಳಿಯ ಬಿಳಿಯ ಇಗರ್ಜಿ. ಅದು ಮೊದಲು ನೆತ್ತಿಯ ಮೇಲೆ ಕಾಣುತ್ತದೆ. ಇನ್ನೊಂದು ಸುರಂಗ ಕಳೆದರೆ ಕಣ್ಣಿನ ಮಟ್ಟಕ್ಕೆ. ಮತ್ತೊಂದು ಕಳೆದರೆ ಕಾಲ ಕೆಳಗೆ, ಮಕ್ಕಳ ಆಟಿಕೆಯಂತೆ. ನನ್ನೆದುರು ಕುಳಿತಿದ್ದ ಮುದುಕಿಯೊಬ್ಬರು, ಈತ ಹೊಸಬ, ಒಬ್ಬನೇ ಇದ್ದಾನೆಂದು ಕಂಡು, ಇಗರ್ಜಿ ತೋರಿದಾಗಲೆಲ್ಲ ಒಂದು, ಎರಡು, ಮೂರು ಎಂದು ಬೆರಳೆತ್ತಿ ಲೆಕ್ಕ ಕೊಟ್ಟರು. ನಮ್ಮಿಬ್ಬರ ನಡುವೆ ಸಮಾನವಾದ ಭಾಷೆಯೊಂದೂ ಇರಲಿಲ್ಲ. ಮಾತಾಡಲು ಜೊತೆಗಾರನಿದ್ದಿದ್ದರೆ ಆಕೆ ಬೆರಳೆತ್ತುತ್ತಿದ್ದರೆ?

ಗೊಷೆನೆನ್ ದಾಟಿದೊಡನೆ ಹಳೆಯ ಸುರಂಗ. ಉದ್ದ 15 ಕಿಲೋಮೀಟರು, ಕತ್ತಲು ಸುಮಾರು ಹತ್ತು ನಿಮಿಷ. ಈ ಹತ್ತು ನಿಮಿಷದ ಹಿಂದೆ ಹತ್ತು ವರ್ಷಗಳ ಕಥೆಯಿದೆ. 1872ರಲ್ಲಿ ಕೆಲಸ ಮೊದಲಾಯಿತು. ಅಗೆದವರು ಹೆಚ್ಚಾಗಿ ಉತ್ತರ ಇಟಲಿಯ ಬಡವರು. ಒಳಗೆ ತಾಳಲಾರದ ಸೆಕೆ, ಹೊಗೆ, ನೀರು. ಶೌಚದ ಏರ್ಪಾಡಿಲ್ಲದೆ ಕೊಕ್ಕೆಹುಳು ಹಬ್ಬಿ ಸಾವಿರಾರು ಕೂಲಿಗಳ ರಕ್ತ ಬತ್ತಿತು. 1875ರಲ್ಲಿ ಗೊಷೆನೆನ್‌ನಲ್ಲಿ ಮುಷ್ಕರ ಹೂಡಿದವರ ಮೇಲೆ ಗುಂಡು ಹಾರಿಸಲಾಗಿ ನಾಲ್ವರು ಸತ್ತರು. ಅಪಘಾತಗಳಲ್ಲಿ ಸತ್ತವರು ಇನ್ನೂರರ ಹತ್ತಿರ. ಗುತ್ತಿಗೆದಾರ ಲೂಯಿ ಫಾವ್ರ್ ಕೂಡ 1879ರಲ್ಲಿ ಸುರಂಗದೊಳಗೇ ಕುಸಿದು ಪ್ರಾಣಬಿಟ್ಟ. ಮರುವರ್ಷ ಎರಡು ಬದಿಯ ಅಗೆತಗಳು ಕೂಡಿದಾಗ, ಆ ರಂಧ್ರದ ಮೂಲಕ ಮೊದಲು ದಾಟಿಸಿದ್ದು ಅವನ ಭಾವಚಿತ್ರವನ್ನು.

ಗಾಡಿ ಐರೋಲೊದಲ್ಲಿ ಬೆಳಕಿಗೆ ಬಂದಿತು. ಆಚೆ ‘ಗ್ಲೈಸ್’ ಎಂದಿದ್ದ ಫಲಕ ಇಲ್ಲಿ ‘ಬಿನಾರಿಯೊ’ ಆಗಿತ್ತು. ಹತ್ತೇ ನಿಮಿಷದಲ್ಲಿ ನುಡಿಯೇ ಬದಲಾಗಿತ್ತು. ನಾನು ಇಳಿದುಬಿಟ್ಟೆ. ನಿಲ್ದಾಣದ ಬಳಿ ಶಿಲ್ಪಿ ವಿಂಚೆಂತ್ಸೊ ವೆಲಾ ರೂಪಿಸಿದ ಕಂಚಿನ ಉಬ್ಬುಶಿಲ್ಪವಿದೆ: ಸತ್ತ ಸಂಗಾತಿಯನ್ನು ಡೋಲಿಯ ಮೇಲೆ ಮಲಗಿಸಿ ಹೊತ್ತು ನಡೆದಿರುವ ಕೂಲಿಗಳು. ವೀರರ ಪ್ರತಿಮೆಗಳಿಗೆ ಯೂರೋಪಿನಲ್ಲಿ ಬರವಿಲ್ಲ. ಕೂಲಿಯ ಹೆಣಕ್ಕೆ ಇಷ್ಟು ಗೌರವ ಸಂದದ್ದನ್ನು ನಾನು ಬೇರೆಡೆ ಕಂಡಿಲ್ಲ. ಅದರ ಮುಂದೆ ಎಷ್ಟು ಹೊತ್ತು ನಿಂತಿದ್ದೆನೋ, ಕರೆಯುವವರು ಯಾರೂ ಇರಲಿಲ್ಲ.

ಮುಂದಿನ ಗಾಡಿಯಲ್ಲಿ ಇಳಿಜಾರು. ಮತ್ತೆ ತಿರುಪು ಸುರಂಗಗಳು, ಕಲ್ಲುಚಪ್ಪಡಿ ಹೊದಿಸಿದ ಮನೆಗಳು, ಚೆಸ್ಟ್‌ನಟ್ ಮರಗಳು, ಕಲ್ಲುಕಂಬಗಳ ಚಪ್ಪರಕ್ಕೆ ಹಬ್ಬಿಸಿದ ದ್ರಾಕ್ಷಿ. ಕೊನೆಗೆ ಲೊಕಾರ್ನೊದ ಸರೋವರದ ದಂಡೆಯಲ್ಲಿ ತಾಳೆಯ ಜಾತಿಯ ಮರಗಳು. ಸಂಜೆಯ ಊಟದ ಹೊತ್ತು ಮಾತ್ರ ಒಬ್ಬನಿಗೆ ಕಷ್ಟವೇ. ಎದುರಿನ ಖಾಲಿ ಕುರ್ಚಿ ಏನನ್ನೋ ಕೇಳುತ್ತದೆ; ಅದಕ್ಕೆ ಉತ್ತರವೆಂದು ನಾನು ಮನೆಗೆ ಕಾಗದ ಬರೆಯುತ್ತಿದ್ದೆ.

2023ರ ಆಗಸ್ಟಿನಲ್ಲಿ ಸರಕುಗಾಡಿಯೊಂದು ಹೊಸ ಸುರಂಗದಲ್ಲಿ ಹಳಿ ತಪ್ಪಿತು; ಅದು ಪೂರ್ತಿ ದುರಸ್ತಿಯಾಗಲು ಒಂದು ವರ್ಷ ಹಿಡಿಯಿತು. ಆ ತಿಂಗಳುಗಳಲ್ಲಿ ಅವಸರದ ಪ್ರಯಾಣಿಕರೂ ಹಳೆಯ ದಾರಿ ಹಿಡಿದು ಆ ಬಿಳಿಯ ಇಗರ್ಜಿಯನ್ನು ಮೂರು ಸಲ ನೋಡಿಕೊಂಡು ಹೋಗಬೇಕಾಯಿತು. ಈಗ ಅವರು ಮತ್ತೆ ಕೆಳಗಿನ ಕತ್ತಲಿಗೆ ಮರಳಿದ್ದಾರೆ. ಮೇಲಿನ ಗಾಡಿಯಲ್ಲಿ ಆಸನವನ್ನು ಮುಂಗಡ ಕಾಯ್ದಿರಿಸಲೇಬೇಕೆಂಬ ನಿಯಮವಿಲ್ಲ.