ಬೆಟಗೇರಿಯಿಂದ ಕಪ್ಪತಗುಡ್ಡದ ತಾಂಡಾಕ್ಕೆ

ಬೆಟಗೇರಿಯ ಸೆಟ್ಲಮೆಂಟ್ ಓಣಿಗಳಲ್ಲಿ ನಡೆದರೆ ನಳದ ಮುಂದೆ ಕೊಡಗಳ ಪಾಳಿ, ಕಟ್ಟೆಯ ಮೇಲೆ ಹರಟೆ, ಸಾಲಿ ಬಿಟ್ಟು ಓಡಿಬರುವ ಹುಡುಗರು. ಬ್ರಿಟಿಷರ ಕಾಲದಲ್ಲಿ ಇವರ ಹಿರಿಯರು ಹಾಜರಿ ಕೊಡಬೇಕಿತ್ತು, ಹೊರಗೆ ಹೋಗಲು ಚೀಟಿ ಪಡೆಯಬೇಕಿತ್ತು. 1871ರ ಅಪರಾಧಿ ಬುಡಕಟ್ಟು ಕಾಯ್ದೆಯನ್ನು 1911ರಲ್ಲಿ ಮುಂಬಯಿ ಪ್ರಾಂತಕ್ಕೂ ಹಬ್ಬಿಸಿದಾಗ ಕೊರವರು, ಗಂಟಿಚೋರರಂಥ ಅಲೆಮಾರಿಗಳ ಕೂಸುಗಳೂ ಹುಟ್ಟುತ್ತಲೇ ಕಳ್ಳರಾದವು. ಸೊಲ್ಲಾಪುರ, ಹುಬ್ಬಳ್ಳಿ, ಗದಗ: ಗಿರಣಿಗೆ, ರೈಲಿಗೆ ಕೂಲಿಯಾಳು ಬೇಕಿದ್ದ ಊರುಗಳಲ್ಲೇ ಅವರನ್ನು ಕೂಡಿಹಾಕುವ ಸೆಟ್ಲಮೆಂಟುಗಳೂ ಎದ್ದವು. ಇದು ಆಕಸ್ಮಿಕವೆಂದು ನಾನು ನಂಬಲಾರೆ.

ಮುಂಡರಗಿ ದಾರಿಯಲ್ಲಿ ಡಂಬಳ ಸಿಗುತ್ತದೆ. 1800ರ ಜುಲೈನಲ್ಲಿ ಬಂಡುಕೋರ ಧೋಂಡಿಯಾ ವಾಘನ ಬೆನ್ನು ಹತ್ತಿದ್ದ ಬ್ರಿಟಿಷ್ ಸೇನಾಧಿಕಾರಿ ಆರ್ಥರ್ ವೆಲ್ಲೆಸ್ಲಿ ಇಲ್ಲಿಯ ಕೋಟೆ ಹಿಡಿದ. ಅವನ ದಂಡಿನ ಹೊಟ್ಟೆಗೆ ಕಾಳು ತಂದವು ಲಂಬಾಣಿಗರ ಎತ್ತಿನ ಹೇರುಗಳು. ಕರಾವಳಿಯ ಉಪ್ಪು ಬಯಲುಸೀಮೆಗೆ ಬಂದದ್ದೂ ಆ ಎತ್ತುಗಳ ಬೆನ್ನ ಮೇಲೆಯೇ. ರೈಲು ಬಂದ ಮೇಲೆ ಆ ಹೇರು ನಿಂತವು. ದಂಡಿಗೆ ಬೇಕಾಗಿದ್ದವರೇ ಮುಂದೆ ಪೋಲೀಸರ ಕಣ್ಣಿಗೆ ಸಂಶಯದವರಾದರು.

ಕಪ್ಪತಗುಡ್ಡದ ಮಗ್ಗುಲಿನ ಲಂಬಾಣಿ ತಾಂಡಾದಲ್ಲಿ ಅವರ ಸಂತ ಸೇವಾಲಾಲರ ಗುಡಿಯ ಮುಂದೆ ಬಿಳಿ ಬಾವುಟ. ಕನ್ನಡಿ ಕೂಡಿಸಿದ ಕಾಂಚಳಿ, ಫೇಟಿಯಾ ಈಗ ಹಿರಿಯ ಹೆಣ್ಣುಮಕ್ಕಳ ಮೈಮೇಲಷ್ಟೇ. ಅನೇಕ ಮನೆಗಳಿಗೆ ಬೀಗ. “ಹುಡುಗೂರೆಲ್ಲಾ ದುಡಿಯಾಕ ಗೋವಾಕ ಹೋಗ್ಯಾರ್ರಿ. ದೀವಳಿಗಿಗೆ ಬರ್ತಾರ,” ಎಂದರು ಒಬ್ಬ ಅಜ್ಜಿ. ಹಬ್ಬದ ರಾತ್ರಿ ಹುಡುಗಿಯರು ದೀಪ ಹಿಡಿದು ಮನೆಮನೆಗೆ ಹೋಗಿ ‘ಮೇರಾ’ ಹಾಡುವಾಗ ತಾಂಡಾ ಮತ್ತೆ ತುಂಬುತ್ತದಂತೆ.

ಈ ಅಲೆತ ಕಂಡಾಗ ದೂರದ ಇನ್ನೊಂದು ಜನ ನೆನಪಾಗುತ್ತಾರೆ. ಸುಮಾರು ಸಾವಿರ ವರ್ಷಗಳ ಹಿಂದೆ ಈ ಉಪಖಂಡದಿಂದ ಹೊರಟು ಯುರೋಪು ಸೇರಿದ ರೋಮಾ ಜನರ ನುಡಿ, ಲಂಬಾಣಿಗರ ಗೋರಬೋಲಿಯಂತೆ, ಇಂಡೋ-ಆರ್ಯನ್ ಬಳಗದ್ದು. ಇಬ್ಬರೂ ಒಂದೇ ಕುಲವೆಂದು ಸಾರುವವರಿದ್ದಾರೆ. ಅಷ್ಟು ದೂರ ನಾನು ಹೋಗುವುದಿಲ್ಲ. ಆದರೆ ಇಬ್ಬರೂ ಉಂಡ ಕಷ್ಟ ಒಂದೇ ಬಗೆಯದು. ರುಮೇನಿಯಾದ ನೆಲದಲ್ಲಿ ರೋಮಾ ಜನ 1850ರ ದಶಕದವರೆಗೂ ಗುಲಾಮರು. ನಾಜಿಗಳು ಕೊಂದವರು ಲಕ್ಷಗಟ್ಟಲೆ. ಇಂದಿಗೂ ಯುರೋಪಿನ ಎಷ್ಟೋ ನಗರಗಳಲ್ಲಿ ಅವರ ಗುಡಿಸಲು ಊರಾಚೆ, ಕಸದ ರಾಶಿಯ ಬಳಿ. 1971ರ ಏಪ್ರಿಲ್‌ನಲ್ಲಿ ಲಂಡನ್ ಬಳಿ ಸೇರಿದ ಅವರ ಮೊದಲ ವಿಶ್ವ ಸಮ್ಮೇಳನ ನೀಲಿ-ಹಸಿರು ಬಾವುಟವನ್ನು ಒಪ್ಪಿತು. ಅದರ ನಡುವೆ ಕೆಂಪು ಚಕ್ರ.

ಇತ್ತ ಭಾರತದಲ್ಲಿ ಆ ಕರಾಳ ಅಪರಾಧಿ ಬುಡಕಟ್ಟು ಕಾಯ್ದೆ 1952ರ ಆಗಸ್ಟ್ 31ರಂದು ದೇಶದಾದ್ಯಂತ ಹೋಯಿತು. ಮುಂದೆ ತಾಂಡಾಗಳನ್ನು ಕಂದಾಯ ಗ್ರಾಮ ಮಾಡುವ ಕೆಲಸ ಶುರುವಾಗಿ, 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ 50 ಸಾವಿರಕ್ಕೂ ಹೆಚ್ಚು ಹಕ್ಕುಪತ್ರ ವಿತರಣೆಯಾಯಿತು. ಮನೆಯ ಕಾಗದ ಕೈಗೆ ಬಂದರೂ ಊರಲ್ಲಿ ಕೂಲಿಯಿಲ್ಲದಿದ್ದರೆ ಆ ಬೀಗಗಳು ತೆರೆಯುವುದು ದೀವಳಿಗೆಗೆ ಮಾತ್ರ.