ಪಹಣಿ ಮುಗಿದಲ್ಲಿ ಬದುವೂ ಮುಗಿದಿತ್ತು

ಊರಿನ ಹೆಸರು ಬೇಡ. ಮೊಳಕಾಲ್ಮೂರು ತಾಲ್ಲೂಕಿನಲ್ಲಿ ಎಲ್ಲಿ ನಿಂತರೂ ಇಂಥದೊಂದು ಇಳಿಜಾರು ಕಣ್ಣಿಗೆ ಬೀಳುತ್ತದೆ: ಮೇಲೆ ಬಂಡೆಗಲ್ಲಿನ ಗುಡ್ಡ, ಬುಡದಲ್ಲಿ ಗರಸು ಬೆರೆತ ಕೆಂಪು ನೆಲ, ಕೊನೆಗೆ ಹಳ್ಳ. ಮಣ್ಣು, ನೀರು, ಮರ ಉಳಿಸಿಕೊಳ್ಳಲು ರೈತರಿಗೆ ಸರ್ಕಾರ ಕೊಡುವ ಸಹಾಯಧನ ನೆಲದ ಮೇಲೆ ಹೇಗೆ ಕಾಣುತ್ತದೆ ಎಂದು ನೋಡುವ ಕುತೂಹಲ ನನಗಿತ್ತು. ಶೇಂಗಾ ಕೀಳುವ ದಿನಗಳು. ಹೊಲದಲ್ಲಿ ಜನ ಇರುತ್ತಾರೆ, ಮಾತಿಗೆ ಸಿಗುತ್ತಾರೆ.

ನಡಿಗೆಯನ್ನು ಮೇಲಿನಿಂದ ಶುರುಮಾಡಿದೆ. ಜಲಾನಯನದ ಕೆಲಸ ಮಾಡುವವರು ಹೇಳುವ ಕ್ರಮವೂ ಇದೇ: ದಿಬ್ಬದಿಂದ ಕಣಿವೆಗೆ. ಇಲ್ಲಿ ವರ್ಷದ ಮಳೆ 500 ಮಿಲಿಮೀಟರಿನ ಆಸುಪಾಸು. ಅದೂ ಹದವಾಗಿ ಸುರಿಯುವುದಿಲ್ಲ; ವಾರಗಟ್ಟಲೆ ಕಾಯಿಸಿ, ಒಂದು ಸಂಜೆ ಬಿರುಸಾಗಿ ಬಂದು ಹೋಗುತ್ತದೆ. ಗುಡ್ಡದ ನೀರನ್ನು ಮೇಲೆಯೇ ತಡೆದು ನಿಧಾನ ಮಾಡದಿದ್ದರೆ ಕೆಳಗೆ ಏನು ಕಟ್ಟಿದರೂ ಹೂಳು ತುಂಬುತ್ತದೆ.

ಗುಡ್ಡದ ಸೆರಗಿನಲ್ಲಿ ತಂಗಡಿ, ಕಾರೆ, ಕಮರದ ಕುರುಚಲು. ನಡುವೆ ಸಾಲು ತಪ್ಪಿಸಿ ತೋಡಿದ ಕಂದಕಗಳು. ಎಷ್ಟು ವರ್ಷ ಹಳೆಯವೋ ತಿಳಿಯಲಿಲ್ಲ. ಅರ್ಧ ತರಗೆಲೆ, ಅರ್ಧ ಮಣ್ಣು ತುಂಬಿತ್ತು. ತೋಡಿದ ಮಣ್ಣನ್ನು ಕೆಳಬದಿಗೆ ಹಾಕಿದ ದಿಂಡಿನ ಮೇಲೆ ಹುಲ್ಲು ದಟ್ಟವಾಗಿತ್ತು, ಮೇಲ್ಬದಿಯಲ್ಲಿ ನೆಲ ಬೋಳು. ಒಂದೆರಡು ಕಡೆ ಬೇವಿನ ಸಸಿ ಎದ್ದಿತ್ತು. ಅದನ್ನು ಯಾರೋ ನೆಟ್ಟರೋ, ಹಕ್ಕಿ ಬೀಜ ಉದುರಿಸಿತೋ ಹೇಳಲಾರೆ.

ಅಲ್ಲಿಂದ ದೂರಕ್ಕೆ ಒಂದು ಗುಡ್ಡಸಾಲು ಕಾಣುತ್ತಿತ್ತು. ಬ್ರಹ್ಮಗಿರಿಯ ದಿಕ್ಕು ಇರಬೇಕು ಎಂದುಕೊಂಡೆ, ಖಚಿತವಿಲ್ಲ. ಈ ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಶಾಸನಗಳು ಬೆಳಕಿಗೆ ಬಂದದ್ದು 1892ರಲ್ಲಿ. ಅಶೋಕನೆಂದರೆ ಸಾಲುಮರ ಎಂದು ನಮಗೆ ಶಾಲೆಯಲ್ಲಿ ಬಾಯಿಪಾಠ. ಆದರೆ ಇಲ್ಲಿನ ಬಂಡೆಗಳಲ್ಲಿ ಮರದ ಮಾತಿಲ್ಲ. ತಂದೆತಾಯಿಯ ಮಾತು ಕೇಳು, ಜೀವಿಗಳಲ್ಲಿ ದಯೆಯಿಡು, ನಿಜ ಹೇಳು ಎಂಬಂಥ ಮಾತುಗಳಿವೆ. ಮರ ನೆಡಿಸಿದ ಸುದ್ದಿ ಅವನ ಬೇರೆ ಶಾಸನಗಳದ್ದು.

ಕುರುಚಲು ದಾಟಿದ ಮೇಲೆ ಪಟ್ಟಾ ಜಮೀನು ಶುರು. ಮೊದಲ ಹೊಲದ ಮೂಲೆಯಲ್ಲಿ ಸಿಮೆಂಟಿನ ನಾಮಫಲಕ. ಕಾಮಗಾರಿಯ ಹೆಸರು, ಸರ್ವೆ ನಂಬರು, ಮೊತ್ತ, ವರ್ಷ ಎಲ್ಲವನ್ನೂ ಬರೆದಿದ್ದಾರೆ. ಬಿಸಿಲಿಗೆ ಬಣ್ಣ ಹೋಗಿ ‘ಬದು ನಿರ್ಮಾಣ’ ಎಂಬುದೊಂದೇ ಸ್ಪಷ್ಟವಾಗಿ ಓದಲು ಬಂತು. ಉದ್ಯೋಗ ಖಾತ್ರಿಯ ಕೆಲಸ ಎಂದು ಹೊಲದವರು ಹೇಳಿದರು. 2006ರಲ್ಲಿ ಆ ಯೋಜನೆ ದೇಶದಲ್ಲಿ ಶುರುವಾದಾಗ ಕರ್ನಾಟಕದಿಂದ ಮೊದಲ ಹಂತಕ್ಕೆ ಸೇರಿದ 5 ಜಿಲ್ಲೆಗಳಲ್ಲಿ ಚಿತ್ರದುರ್ಗವೂ ಒಂದು. ಸಣ್ಣ ರೈತರು ತಮ್ಮದೇ ಹೊಲದಲ್ಲಿ ಬದು ಹಾಕಿಕೊಂಡು, ಜಾಬ್ ಕಾರ್ಡಿನ ಮೇಲೆ ತಾವೇ ಕೂಲಿ ಪಡೆಯಬಹುದೆಂಬುದು ಅದರ ದೊಡ್ಡ ಅನುಕೂಲ.

ಬದು ಚೆನ್ನಾಗಿತ್ತು. ಮೇಲ್ಬದಿಗೆ ಕಂದಕ, ಕೆಳಬದಿಗೆ ಮೊಣಕಾಲೆತ್ತರದ ಮಣ್ಣು, ಅದರ ಮೇಲೆ ತೊಗರಿ ಗಿಡ. ನೀರು ಹೆಚ್ಚಾದರೆ ಹೊರಹೋಗಲು ಒಂದು ಕಡೆ ಕಲ್ಲು ಜೋಡಿಸಿ ಕೋಡಿ ಬಿಟ್ಟಿದ್ದರು. ಬದುವಿನ ಒತ್ತಿನ ಶೇಂಗಾ ಸಾಲುಗಳನ್ನು ಕಿತ್ತು ಗುಡ್ಡೆ ಹಾಕಿದ್ದ ಹೆಣ್ಣುಮಗಳು ಎರಡು ಗಿಡ ಎತ್ತಿ ತೋರಿಸಿದರು. ನೀರು ನಿಂತ ಕಡೆಯದಕ್ಕೆ ಕಾಯಿ ಹೆಚ್ಚು, ಹೊಲದ ನೆತ್ತಿಯದಕ್ಕೆ ಕಡಿಮೆ. ಎರಡು ಗಿಡ ನೋಡಿ ತೀರ್ಮಾನ ಹೇಳುವುದು ಸರಿಯಲ್ಲ, ಆದರೂ ವ್ಯತ್ಯಾಸ ಎದ್ದು ಕಾಣುವಂತಿತ್ತು.

ಬದುವಿನ ಮೇಲೆಯೇ ನಡೆಯುತ್ತ ಹೋದೆ. ಎರಡು ಹೊಲ ದಾಟಿದ ಮೇಲೆ ಅದು ಇದ್ದಕ್ಕಿದ್ದಂತೆ ನಿಂತುಹೋಯಿತು. ಮುಂದೆ ಒಂದು ಹೊಲದಗಲ ಬರೀ ನೆಲ; ಅದರಾಚೆ ಅದೇ ಮಟ್ಟದಲ್ಲಿ ಬದು ಮತ್ತೆ ಶುರುವಾಗಿತ್ತು. ನಡುವಿನ ಹೊಲದಲ್ಲಿ ನೀರು ಹರಿದು ಆಳೆತ್ತರದ ಕೊರಕಲು ಬಿದ್ದಿತ್ತು. ಕೊರಕಲಿನ ಜಾಡು ಹಿಡಿದು ಇಳಿದು ನೋಡಿದರೆ, ಕೆಳಗಿನ ಹೊಲದ ಬದುವೂ ಅದೇ ನೇರಕ್ಕೆ ಒಡೆದಿತ್ತು. ಆ ಬದುವಿಗೆ ಸರ್ಕಾರದ ದುಡ್ಡು ಬಿದ್ದಿದೆ, ಕೂಲಿಯೂ ಸಂದಿದೆ. ನೀರು ಮಾತ್ರ ನಿಂತಿಲ್ಲ.

ನಡುವಿನ ಹೊಲದವರು ಹತ್ತಿರದಲ್ಲೇ ಇದ್ದರು. ಬದು ಬೇಡವೆಂದಿರಾ ಎಂದು ಕೇಳಿದೆ.

“ಯಾರು ಬ್ಯಾಡ ಅಂತಾರೆ ಸಾರ್? ಪಾಣಿ ಇನ್ನೂ ನಮ್ಮ ತಾತನ ಹೆಸ್ರಲ್ಲೇ ಐತೆ. ತಾತ ತೀರ್ಕಂಡು ಯಾವ ಕಾಲ ಆತು. ಅಣ್ಣತಮ್ಮಂದ್ರು ಐದು ಮನೆ, ಇಬ್ರು ಬೆಂಗ್ಳೂರಾಗೆ ಅವ್ರೆ. ಯಾರು ಬಂದು ಸಹಿ ಹಾಕ್ತಾರೆ?”

ಅರ್ಜಿಗೆ ಪಹಣಿ ಬೇಕು, ಆಧಾರ್ ಬೇಕು, ರೈತರ ನೋಂದಣಿ ಸಂಖ್ಯೆ, ಅಂದರೆ ಎಲ್ಲರ ಬಾಯಲ್ಲಿರುವ ಎಫ್‌ಐಡಿ ಬೇಕು. ಸತ್ತವರ ಹೆಸರಲ್ಲಿ ಎಫ್‌ಐಡಿ ಆಗುವುದಿಲ್ಲ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬದಲಾವಣೆ, ಆಗದೆ ಉಳಿದ ಜಮೀನು ಹೀಗೆ ಎಲ್ಲ ಯೋಜನೆಯಿಂದಲೂ ಹೊರಗುಳಿಯುತ್ತದೆ. ಅಲ್ಲಿಗೆ ನಿಲ್ಲುವುದಾಗಿದ್ದರೆ ಅದು ಒಂದು ಮನೆಯ ಕಷ್ಟ. ಆದರೆ ದುಡ್ಡು ಪಹಣಿ ನೋಡಿಕೊಂಡು ಬರುತ್ತದೆ, ನೀರು ಇಳಿಜಾರು ನೋಡಿಕೊಂಡು ಬರುತ್ತದೆ. ಒಬ್ಬರ ಕಾಗದ ಸರಿಯಿಲ್ಲದ್ದಕ್ಕೆ ಕೆಳಗಿನ ಮೂರು ಹೊಲದ ಮಣ್ಣು ಹೋಗುತ್ತದೆ.

ಇದು ಹಿಂದಿನವರಿಗೆ ಗೊತ್ತಿಲ್ಲದ ಸಂಗತಿಯೇನಲ್ಲ. ವಿಶ್ವಬ್ಯಾಂಕ್ ನೆರವಿನಲ್ಲಿ 2001ರ ಹೊತ್ತಿಗೆ ಮಂಜೂರಾಗಿ 2009ರವರೆಗೆ ನಡೆದ ಸುಜಲ ಯೋಜನೆಯಲ್ಲಿ ಕೋಲಾರ, ತುಮಕೂರು, ಹಾವೇರಿ, ಧಾರವಾಡಗಳ ಜೊತೆ ಚಿತ್ರದುರ್ಗ ಜಿಲ್ಲೆಯೂ ಇತ್ತು. ಅಲ್ಲಿ ಒಂದೇ ಇಳಿಜಾರಿನಲ್ಲಿ ಹೊಲವಿರುವವರನ್ನು ಗುಂಪು ಮಾಡಿ, ಒಟ್ಟಿಗೆ ಕೂರಿಸಿ ಕೆಲಸದ ಯೋಜನೆ ಹಾಕಿಸುತ್ತಿದ್ದರು. ರೈತರು ಖರ್ಚಿನಲ್ಲಿ ಒಂದು ಪಾಲು ತಾವೂ ಹಾಕಬೇಕಿತ್ತು. ಆ ಪಾಲಿನ ಬಗ್ಗೆ ಗೊಣಗಾಟ ಇದ್ದೇ ಇದ್ದೀತು. ಆದರೂ ಇಳಿಜಾರನ್ನು ಒಂದು ಘಟಕವಾಗಿ ನೋಡಿದ ಆ ಕ್ರಮವೇ ಸರಿ ಎಂದು ಕೊರಕಲಿನೊಳಗೆ ನಿಂತಾಗ ನನಗೆ ಅನಿಸಿತು.

ಮುಂದಿನ ಹೊಲದ ಅಂಚಿಗೆ ಮರಗಳು. ಹೆಬ್ಬೇವು ನೆಟ್ಟಗೆ ಎತ್ತರಕ್ಕೆ ಹೋಗಿತ್ತು, ಹೊಂಗೆ ಅಡ್ಡಕ್ಕೆ ಹರಡಿತ್ತು, ನಡುನಡುವೆ ಒಣಗಿದ ಗುಣಿಗಳು. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯಲ್ಲಿ ನೆಟ್ಟವಂತೆ. 2011–12ರಲ್ಲಿ ಬಂದ ಈ ಯೋಜನೆಯ ಲೆಕ್ಕ ನನಗೆ ಮೊದಲಿಂದಲೂ ಇಷ್ಟ. ಸಸಿಯನ್ನು ರಿಯಾಯಿತಿ ದರದಲ್ಲಿ ಇಲಾಖೆಯ ನರ್ಸರಿಯಿಂದ ತಂದು ನೆಡಬೇಕು. ನೆಟ್ಟಿದ್ದಕ್ಕೆ ಪ್ರೋತ್ಸಾಹಧನ ಇಲ್ಲ. ಬದುಕಿರುವ ಗಿಡ ಎಣಿಸಿ ಮೊದಲ ವರ್ಷದ ಕೊನೆಗೆ ಗಿಡಕ್ಕೆ 35 ರೂಪಾಯಿ, ಎರಡನೆಯ ವರ್ಷ 40, ಮೂರನೆಯ ವರ್ಷ 50. ಒಟ್ಟು 125. ಶುರುವಿನಲ್ಲಿ ದರ ಇದಕ್ಕಿಂತ ಕಡಿಮೆ ಇತ್ತು. ಹೊಲದ ಯಜಮಾನರು ಮರಗಳ ಬುಡಕ್ಕೆ ಬಳ್ಳಾರಿ ಜಾಲಿಯ ಮುಳ್ಳು ಕಟ್ಟಿದ್ದರು. ಕುರಿಮಂದೆ ತಿರುಗಾಡುವ ಸೀಮೆ ಇದು, ಎರಡು ನಿಮಿಷ ಕಣ್ತಪ್ಪಿದರೆ ಒಂದು ವರ್ಷದ ಚಿಗುರು ಹೋಯಿತು. “ದುಡ್ಡು ಬರೋದು ಎಣಿಕೆಗೆ ಸಾರ್, ಅದ್ಕೇ ಕಾಯ್ತೀವಿ” ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. ಅದರಲ್ಲಿ ತಪ್ಪೇನಿದೆ? ಅಮೆರಿಕದಲ್ಲೂ 1985ರಿಂದ ಇಂಥದೇ ಒಂದು ಕ್ರಮ ನಡೆದುಬಂದಿದೆ. ಸವಕಳಿ ಬೀಳುವ ಹೊಲವನ್ನು ಉಳದೆ 10ರಿಂದ 15 ವರ್ಷ ಹುಲ್ಲಿಗೋ ಮರಕ್ಕೋ ಬಿಟ್ಟ ರೈತರಿಗೆ ಅಲ್ಲಿನ ಸರ್ಕಾರ ವರ್ಷವರ್ಷ ಬಾಡಿಗೆ ಕೊಡುತ್ತದೆ.

ಇನ್ನೂ ಕೆಳಗೆ ಕೃಷಿಹೊಂಡ. 2014–15ರಲ್ಲಿ ಶುರುವಾಗಿ, ನಡುವೆ ನಿಂತು, 2023–24ರಲ್ಲಿ ಮತ್ತೆ ಬಂದ ಕೃಷಿಭಾಗ್ಯದ್ದು. ಅಳತೆ 12 ಮೀಟರ್ ಉದ್ದ, 12 ಅಗಲ, 3 ಆಳ ಎಂದರು; ನಾನು ಹೆಜ್ಜೆ ಹಾಕಿ ನೋಡಿದ್ದಕ್ಕೆ ಹೆಚ್ಚುಕಡಿಮೆ ತಾಳೆಯಾಯಿತು. ಕೆಂಪು ಮಣ್ಣಿನಲ್ಲಿ ನೀರು ಇಂಗಿಹೋಗುವುದರಿಂದ ಒಳಗೆ ಪ್ಲಾಸ್ಟಿಕ್ ಹೊದಿಕೆ ಹಾಸಿದ್ದಾರೆ. ಮೂರರಲ್ಲೊಂದು ಪಾಲು ನೀರಿತ್ತು. ಮಳೆ ಕೈಕೊಟ್ಟಾಗ, ಶೇಂಗಾ ಕಾಯಿ ಕಟ್ಟುವ ಹೊತ್ತಿಗೆ ಒಂದು ಸಲ ಹಾಯಿಸಿದರೂ ಬೆಳೆ ಕೈಗೆ ಹತ್ತುತ್ತದೆ.

ಹೊಂಡಕ್ಕೆ ನೀರು ಬರುವ ಬಾಯಲ್ಲಿ ಹೂಳು ನಿಲ್ಲಲೆಂದು ತೆಗೆದ ಸಣ್ಣ ಗುಂಡಿ ತುಂಬಿ ನೆಲಕ್ಕೆ ಸಮನಾಗಿತ್ತು. ಹೊದಿಕೆಯ ಅಂಚು ಒಂದು ಕಡೆ ಹರಿದಿತ್ತು, ಇಲಿಯೋ ಆಡಿನ ಗೊರಸೋ ಗೊತ್ತಾಗಲಿಲ್ಲ. ನನ್ನನ್ನು ಹೆಚ್ಚು ಕಾಡಿದ್ದು ಬೇಲಿ. ಮೂರು ಬದಿಗೆ ಮುಳ್ಳು, ನಾಲ್ಕನೆಯದು ಖಾಲಿ. ಪ್ಲಾಸ್ಟಿಕ್ ಹೊದಿಸಿದ ಇಳುಕಲಿನಲ್ಲಿ ಕಾಲು ಜಾರಿದವರು ಹತ್ತಿಬರುವುದು ಕಷ್ಟ. ಕೃಷಿಹೊಂಡಕ್ಕೆ ಬಿದ್ದು ಮಕ್ಕಳು ಸತ್ತ ಸುದ್ದಿಯನ್ನು ನಾವೆಲ್ಲ ಓದಿದ್ದೇವೆ. ಹೊಂಡಕ್ಕೆ ಸಾಮಾನ್ಯ ವರ್ಗದವರಿಗೆ ಶೇ. 80, ಪರಿಶಿಷ್ಟ ಜಾತಿ ಪಂಗಡದವರಿಗೆ ಶೇ. 90 ಸಹಾಯಧನ. ತಂತಿ ಬೇಲಿಗೂ ಈಗ ಸಹಾಯಧನ ಇದೆ, ಆದರೆ ಶೇ. 40 ಮತ್ತು 50. ಹೊಂಡ ತೋಡಿಸಿದ ರೈತ ಬೇಲಿಯ ಹೊತ್ತಿಗೆ ಕೈ ಬಿಗಿಹಿಡಿಯುವುದು ಇದರಿಂದಲೇ ಇರಬೇಕು. ನನ್ನನ್ನು ಕೇಳಿದರೆ ಲೆಕ್ಕ ತಿರುಗುಮುರುಗಾಗಬೇಕಿತ್ತು. ಬೇಲಿಯಿಲ್ಲದ ಹೊಂಡಕ್ಕೆ ಕೊನೆಯ ಕಂತು ಬಿಡಲೇಬಾರದು.

ಹಳ್ಳ ತಲುಪುವಾಗ ಮಧ್ಯಾಹ್ನ. ಹಳ್ಳಕ್ಕೆ ಅಡ್ಡ ಕಟ್ಟಿದ ಚೆಕ್ ಡ್ಯಾಂ ಗಟ್ಟಿಯಾಗಿಯೇ ಇತ್ತು. ಅದರ ಹಿಂದೆ ನೀರು ಬೊಗಸೆಯಷ್ಟು, ಉಳಿದದ್ದೆಲ್ಲ ಕೆಂಪು ಮರಳುಮಣ್ಣು. ಒಡೆದ ಬದುವಿನದೂ ಕೊರಕಲಿನದೂ ಇಲ್ಲಿಗೇ ಬಂದು ಕೂತಿದೆ ಎಂದು ಪಕ್ಕದಲ್ಲಿ ದನ ಮೇಯಿಸುತ್ತಿದ್ದವರು ಹೇಳಿದರು. ಇಲ್ಲಿ ನಿಲ್ಲದ್ದು ಚಿನ್ನಹಗರಿಗೆ, ಅಲ್ಲಿಂದ ವೇದಾವತಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಟ್ರ್ಯಾಕ್ಟರಿನಲ್ಲಿ ಈ ಹೂಳನ್ನು ಹೊಲಕ್ಕೆ ಹೊಡೆದುಕೊಳ್ಳುವವರಿದ್ದಾರೆ. ತಮ್ಮದೇ ಮಣ್ಣನ್ನು ಬಾಡಿಗೆ ಕೊಟ್ಟು ವಾಪಸ್ ತರುವ ಕೆಲಸ ಅದು.

ನಿಮ್ಮ ಹೊಲಕ್ಕೂ ಬದುವೋ ಹೊಂಡವೋ ಹಾಕಿಸುವ ಯೋಚನೆ ಇದ್ದರೆ, ಅರ್ಜಿ ಹಿಡಿಯುವ ಮೊದಲು ಪಹಣಿ ಯಾರ ಹೆಸರಲ್ಲಿದೆ ನೋಡಿಕೊಳ್ಳಿ. ಹಿರಿಯರ ಹೆಸರಲ್ಲಿದ್ದರೆ ಪೌತಿ ಖಾತೆ ಮಾಡಿಸಿ. ರೈತ ಸಂಪರ್ಕ ಕೇಂದ್ರಕ್ಕೆ ಒಬ್ಬರೇ ಹೋಗಬೇಡಿ, ಮೇಲಿನ ಹೊಲದವರನ್ನೂ ಕೆಳಗಿನ ಹೊಲದವರನ್ನೂ ಕರೆದುಕೊಂಡು ಹೋಗಿ.