ಎಲೆ ಹೇಳಿದ ಉತ್ತರ

ಕುಂಡದ ದಾಸವಾಳದ ಒಂದು ಎಲೆಗೆ ಅರ್ಧಭಾಗ ಕಪ್ಪು ಕಾಗದ ಸುತ್ತಿ ಗಿಡವನ್ನು ಬಿಸಿಲಲ್ಲಿಟ್ಟೆವು. ಸಂಜೆ ಆ ಎಲೆಯನ್ನು ಕುದಿಸಿ, ಬಿಸಿನೀರಿನಲ್ಲಿಟ್ಟ ಆಲ್ಕೋಹಾಲಿನಲ್ಲಿ ಹಸಿರು ತೆಗೆದು, ಅಯೋಡಿನ್ ಹಾಕಿದೆವು. ಮುಚ್ಚಿದ ಭಾಗ ನೀಲಿಯಾಗಬಾರದಿತ್ತು. ಆದರೆ ಇಡೀ ಎಲೆ ನೀಲಿಗಪ್ಪಾಯಿತು!

ಹೆಚ್ಚಿನವರು ಪಾಠಪುಸ್ತಕದ ಉತ್ತರವನ್ನೇ ಬರೆದರು. ಒಬ್ಬಳು ಮಾತ್ರ, "ಮುಚ್ಚಿದ ಭಾಗವೂ ನೀಲಿಯಾಯ್ತು ಸರ್, ಯಾಕೆ ಅಂತ ಗೊತ್ತಾಗ್ಲಿಲ್ಲ" ಎಂದು ಬರೆದಿದ್ದಳು.

ತಪ್ಪು ನನ್ನದೇ. ಗಿಡವನ್ನು ಮೊದಲು 48 ಗಂಟೆ ಕತ್ತಲಲ್ಲಿಡಲು ಮರೆತಿದ್ದೆ. ಎಲೆಯಲ್ಲಿ ಹಳೆಯ ಪಿಷ್ಟ ಉಳಿದಿತ್ತು. ಕತ್ತಲಲ್ಲಿಟ್ಟರೆ ಗಿಡ ಅದನ್ನು ಬಳಸಿ ಮುಗಿಸುತ್ತದೆ. ಮುಂದಿನ ವಾರ ಹಾಗೇ ಮಾಡಿದೆವು, ಮುಚ್ಚಿದ ಭಾಗ ನೀಲಿಯಾಗಲಿಲ್ಲ.

ಎಲ್ಲರೂ ಪುಸ್ತಕ ನೋಡಿಯೇ ಬರೆದಿದ್ದರೆ ಈ ಪಾಠ ತಪ್ಪಿಹೋಗುತ್ತಿತ್ತು. ಮಕ್ಕಳೇ, ನೀವು ಕಂಡದ್ದನ್ನೇ ಬರೆಯಿರಿ.